ಹಸಿರು ದೀಪ

ತಂತಿಯಿಲ್ಲದ ವೈ-ಫೈ ಪೆಟ್ಟಿಗೆಗೂ ಬೆನ್ನ ಹಿಂದೊಂದು ತಂತಿಯುಂಟೆಂದು ನನಗೆ ತಿಳಿದದ್ದು, ನಮ್ಮ ವಾಚನಾಲಯದ ಎರಡು ಪೆಟ್ಟಿಗೆಗಳನ್ನು ಸ್ವಿಚ್ಚಿಗೆ ಜೋಡಿಸಹೊರಟಾಗ. ವಿದ್ಯುತ್ತೂ ಮಾಹಿತಿಯೂ ಒಂದೇ ತಂತಿಯಲ್ಲಿ ಹರಿಯುವ ಏರ್ಪಾಟಿಗೆ 2003ರಲ್ಲೇ ನಿಯಮ ರೂಪುಗೊಂಡಿತ್ತಂತೆ. ತಂತಿ ಸಿಕ್ಕಿಸಿದೆ, ಹಸಿರು ದೀಪ ಹತ್ತಿತು. ಕಚೇರಿಗೆ 10, ವಿದ್ಯಾರ್ಥಿಗಳಿಗೆ 20 ಎಂಬ ಸಂಖ್ಯೆಯ ಎರಡು ವಿ-ಲ್ಯಾನ್, ಎಂದರೆ ಒಂದೇ ಸ್ವಿಚ್ಚಿನಲ್ಲಿ ಎರಡು ಬೇರೆ ಹಾದಿ, ಮಾಡಿದೆ. ಕಚೇರಿಯ ಹೆಸರಿನಲ್ಲಿ ಪರೀಕ್ಷಿಸಿ, ಗುರುಗಳಿಂದ ಭೇಷ್ ಎನಿಸಿಕೊಂಡೆ.

ಅಂದು ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ. ಸಂಜೆ ಗೆಳೆಯನೊಬ್ಬ ಬಂದು, "ಹೆಸರೇನೋ ಕಾಣುತ್ತದೆ ಕಣೋ, ಒಳಗೆ ಮಾತ್ರ ಬಿಡದು" ಎಂದ. ಅವನ ಮೊಬೈಲನ್ನೇ ದೂರಿದೆ. ಅವನು ಮಾತಾಡದೆ ಕುಳಿತ. ಆ ಮೌನಕ್ಕೆ ನಾಚಿ ಮತ್ತೆ ಸ್ವಿಚ್ಚನ್ನು ಪರಿಶೀಲಿಸಿದೆ. ವಿದ್ಯಾರ್ಥಿಗಳ ಮಾಹಿತಿಗೆ ಪೆಟ್ಟಿಗೆ 20ರ ಚೀಟಿ ಅಂಟಿಸಿ ಕಳುಹುತ್ತಿತ್ತು. ನಾನೋ ಪೋರ್ಟನ್ನು 10ಕ್ಕೆ ಮಾತ್ರ ಮೀಸಲಿಟ್ಟಿದ್ದೆ! ಎರಡನ್ನೂ ಒಯ್ಯಬೇಕಾದರೆ ಪೋರ್ಟು 'ಟ್ರಂಕ್' ಆಗಬೇಕು. ಟ್ರಂಕೆಂದರೆ ಹಾಸ್ಟೆಲಿನ ತಗಡಿನ ಪೆಟ್ಟಿಗೆಯೆಂದಷ್ಟೇ ಬಲ್ಲ ನನಗೆ ಇದು ಹೊಳೆಯುವಷ್ಟರಲ್ಲಿ ರಾತ್ರಿ 8 ಆಗಿತ್ತು. ಅಂತೂ ಅರ್ಜಿ ಹೋಯಿತು.

ಹಸಿರು ದೀಪ ಹೇಳುವುದು ತಂತಿ ಸೇರಿದೆಯೆಂದಷ್ಟೆ. ಎಲ್ಲರಿಗೂ ಬಾಗಿಲು ತೆರೆದಿದೆಯೆಂದಲ್ಲ. ಈಗ ಮೊದಲು ವಿದ್ಯಾರ್ಥಿಗಳ ಹೆಸರಿನಲ್ಲೇ ಪರೀಕ್ಷಿಸುತ್ತೇನೆ. ಭೇಷ್ ಎನ್ನುವವರ ಸರದಿ ಆಮೇಲೆ.