ಎಯಾಸಿ ದಂಡೆಯ ನೆರೆಹೊರೆ

ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಂಡವರು ಟಾಂಜಾನಿಯಾದ ಉತ್ತರ ಭಾಗದ ಎಯಾಸಿ ಸರೋವರಕ್ಕೆ ಹೋದರೆ ಅಲ್ಲಿನ ಮರದ ಗುರುತು ಥಟ್ಟನೆ ಹಿಡಿದಾರು. ಅದೇ ಆನೆಗಾತ್ರದ ಬುಡ, ಅದೇ ಬೋಳು ಕೊಂಬೆ. ಬವೋಬಾಬ್ ಎನ್ನುವ ಈ ಮರದ ಕಾಯಿಯ ತಿರುಳು ಅಲ್ಲಿನ ಹಾಡ್ಜಾ ಜನರ ಆಹಾರ. ಪೊಟರೆಯೊಳಗಿನ ಜೇನು ಅವರಿಗೆ ಬಲು ಇಷ್ಟ.

ಹಾಡ್ಜಾ ಜನ ಒಟ್ಟು ಸಾವಿರದ ಚಿಲ್ಲರೆ ಮಂದಿ. ಬಹುಮಟ್ಟಿಗೆ ಬೇಟೆ, ಗೆಡ್ಡೆ, ಹಣ್ಣುಗಳನ್ನೇ ನಂಬಿದವರು ಕೆಲವೇ ನೂರು. ಲೊಚಗುಟ್ಟುವ ಸದ್ದುಗಳಿಂದ ತುಂಬಿದ ಅವರ ಭಾಷೆಗೆ ನೆಂಟಭಾಷೆ ಯಾವುದೆಂದು ವಿದ್ವಾಂಸರಿಗೆ ಇನ್ನೂ ಖಚಿತವಾಗಿಲ್ಲ. ಹಕ್ಕಿಯೊಂದಿಗೆ ಮಾತ್ರ ಅವರಿಗೆ ಮಾತುಕತೆ ಇದೆ! ಬೇಟೆಗಾರ ಸಿಳ್ಳೆ ಹಾಕುತ್ತಾನೆ, ಜೇನುತೋರುಗ ಹಕ್ಕಿ ಕೂಗುತ್ತ ಮುಂದೆ ಹಾರಿ ಗೂಡು ತೋರಿಸುತ್ತದೆ. ಕೃತಜ್ಞತೆಗೆ ಹಕ್ಕಿಗೊಂದು ಪಾಲು ಬಿಡುತ್ತಾರೆಂಬ ಚಂದದ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಹೇಳಿತು: ಹಾಡ್ಜಾಗಳು ಉಳಿದ ಮೇಣವನ್ನು ಎಷ್ಟೋ ಸಲ ಸುಡುತ್ತಾರೆ, ಇಲ್ಲವೆ ಹೂಳುತ್ತಾರೆ. ಹೊಟ್ಟೆ ತುಂಬಿದ ಹಕ್ಕಿ ಮತ್ತೆ ದಾರಿ ತೋರೀತೆ?

ಪ್ರವಾಸಿಗರು ನಸುಕಿನಲ್ಲೇ ಬಿಡಾರಕ್ಕೆ ಬಂದು ಬಿಲ್ಲುಗಾರರ ಹಿಂದೆ ಮುಳ್ಳುಪೊದೆಗಳ ನಡುವೆ ಏದುಸಿರು ಬಿಡುತ್ತ ಓಡುತ್ತಾರೆ. ಬೇಟೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಗೆಡ್ಡೆ ಅಗೆಯಲು ಹೋದ ಹೆಂಗಸರು ಬರಿಗೈಯಲ್ಲಿ ಬರುವುದು ಅಪರೂಪ. ಆದರೂ ಕ್ಯಾಮೆರಾಗಳೆಲ್ಲ ಗಂಡಸರ ಹಿಂದೆಯೇ.

ಅದೇ ದಿನ ಮಧ್ಯಾಹ್ನ ಜೀಪು ದನಗಾಹಿ ದಾತೋಗರ ಹಟ್ಟಿಗೆ ತಿರುಗುತ್ತದೆ. ಅಲ್ಲಿ ಕಮ್ಮಾರ ಆಡಿನ ಚರ್ಮದ ತಿದಿಯೊತ್ತಿ ಹಳೆಯ ಕಬ್ಬಿಣವನ್ನು ಕಾಯಿಸಿ ಬಾಣದ ಮೊನೆ ಬಡಿಯುತ್ತಾನೆ. ಬೆಳಗ್ಗೆ ಕಂಡ ಬಾಣದ ಮೊನೆಯ ಹುಟ್ಟೂರು ಇದೇ. ಹಾಡ್ಜಾಗಳು ಜೇನು ಕೊಟ್ಟು ಮೊನೆ ಪಡೆಯುವುದು ಹಳೆಯ ರೂಢಿ. ಪ್ರವಾಸಿಗರು ಹಿತ್ತಾಳೆ ಬಳೆ ಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ, ಹೊರಡುತ್ತಾರೆ.

ಅವರ ಫೋಟೋದಲ್ಲಿ ಬಾರದ ಸಂಗತಿಯೊಂದಿದೆ. ದನಗಳು ನುಗ್ಗಿದಲ್ಲಿ ನೀರಿನ ಗುಂಡಿ ಬತ್ತುತ್ತದೆ, ಪೊದೆ ಹಾಳಾಗುತ್ತದೆ, ಬೇಟೆ ದೂರ ಸರಿಯುತ್ತದೆ. ಹಾಗೆಂದು ದಾತೋಗರನ್ನು ದೂರುವುದೂ ಸುಲಭವಲ್ಲ. ಹನಾಂಗ್ ಪರ್ವತದ ಬಳಿ ಅವರದೇ ಬಾರಬಾಯಿಗ್ ಪಂಗಡದ ಹುಲ್ಲುಗಾವಲನ್ನು 1970–80ರ ದಶಕಗಳಲ್ಲಿ ಕೆನಡಾದ ನೆರವಿನ ಗೋಧಿ ಯೋಜನೆ ನುಂಗಿತು. ಇತ್ತ ಎಯಾಸಿ ಬಳಿಯ ಮಂಗೋಲಾದಲ್ಲಿ ಊಟೆಯ ನೀರೆಲ್ಲ ಈರುಳ್ಳಿ ಹೊಲಗಳಿಗೆ ಹರಿಯುತ್ತದೆ. ನೆಲ ಕಳೆದುಕೊಂಡವರು ಉಳಿದ ನೆಲದ ಮೇಲೆ ಒತ್ತರಿಸುತ್ತಾರೆ. ಕೊನೆಗೆ ಸರಿಯಲು ಜಾಗವಿಲ್ಲದವರು ಬೇಟೆಗಾರರೇ.

ಪ್ರವಾಸಿಗರ ದುಡ್ಡಿನಿಂದ ಜೋಳದ ಹಿಟ್ಟು ಬಂದದ್ದುಂಟು, ಹೆಂಡವೂ ಬಂದದ್ದುಂಟು. ಹೆಂಡದಿಂದ ಜಗಳ. ಆ ನೆಲದ ಗಲಾಟೆಯಲ್ಲಿ ದುಡ್ಡಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಒಂದು ಕಾಗದ: 2011ರಲ್ಲಿ ಯಾಯೆದಾ ಕಣಿವೆಯ 20,000 ಹೆಕ್ಟೇರಿಗೂ ಮೀರಿದ ನೆಲಕ್ಕೆ ಹಾಡ್ಜಾ ಸಮುದಾಯದ ಹೆಸರಿನಲ್ಲಿ ಸರ್ಕಾರ ಕೊಟ್ಟ ಹಕ್ಕುಪತ್ರ. ಗಡಿಯ ಕಾವಲಿಗೆ ಅವರದೇ ಹುಡುಗರು ಸುತ್ತು ಹೊಡೆಯುತ್ತಾರೆ.