ಕೇಳುಗರ ಕಛೇರಿ

ಸಿನಿಮಾ ಹಾಡು ಕೇಳುವವನಿಗೆ ಕಟಿಂಗ್ ಶಾಪಿನಲ್ಲೂ ಜೊತೆ ಸಿಗುತ್ತದೆ. ಭಜನೆಗಾದರೆ ಬೀದಿಯೇ ಬಂದು ಕೂರುತ್ತದೆ. ಹೆವಿ ಮೆಟಲ್ ಕೇಳುವವನು ಮಾತ್ರ ನಮ್ಮ ಊರುಗಳಲ್ಲಿ ಒಂಟಿ ಜೀವಿ. ಬಾಗಿಲು ಹಾಕಿಕೊಂಡು, ವಾಲ್ಯೂಮ್ ಇಳಿಸಿಕೊಂಡು ಕೇಳಬೇಕು. ಇಳಿಸಿ ಕೇಳಿದರೆ ಅದು ಹೆವಿಯೂ ಅಲ್ಲ, ಮೆಟಲ್ಲೂ ಅಲ್ಲ.

ತುಮಕೂರಿನಲ್ಲಿ ನಾನು ಓದುತ್ತಿದ್ದಾಗ ಖಾಲಿ ಕ್ಯಾಸೆಟ್ ಕೊಟ್ಟರೆ ಹಾಡು ತುಂಬಿಸಿಕೊಡುವ ಅಂಗಡಿಯೊಂದಿತ್ತು. ಅಲ್ಲಿ ಅಯ್ಯಪ್ಪನ ಭಕ್ತಿಗೀತೆಗಳಿಗೂ ಭಾವಗೀತೆಗಳಿಗೂ ನಡುವೆ ಯಾರೋ ತಂದಿಟ್ಟು ಮರೆತ ಐರನ್ ಮೇಡನ್ ಕ್ಯಾಸೆಟ್ ಸಿಕ್ಕಿತು. ಹೊದಿಕೆಯ ಮೇಲೆ ಎಡ್ಡಿ ಇದ್ದ. ಮಾಂಸ ಕಳಚಿದ ಮುಖ, ಹಲ್ಲು ಕಿರಿದ ಬಾಯಿ. ಈ ಬ್ಯಾಂಡಿನ ಪ್ರತಿ ಆಲ್ಬಮ್ಮಿನ ಮೇಲೂ ಅವನದೇ ದರ್ಬಾರು. ಅಮ್ಮ ಅದನ್ನು ನೋಡಿ, 'ಮನೇಲಿ ದೀಪ ಹಚ್ಚೋ ಹೊತ್ತಿಗೆ ಇದರ ಮುಖ ಗೋಡೆ ಕಡೆಗೆ ತಿರುಗಿಸಿಡು' ಎಂದಷ್ಟೇ ಹೇಳಿದಳು. ಪಾಪ, ಎಡ್ಡಿ ನಮ್ಮ ಮನೆಯಲ್ಲಿ ದಿನಾ ಸಂಜೆ ಗೋಡೆ ನೋಡುತ್ತ ನಿಲ್ಲುತ್ತಿದ್ದ.

ಹಾಡುಗಳೊಳಗೆ ಮಾತ್ರ ದೆವ್ವಕ್ಕಿಂತ ಪಠ್ಯಪುಸ್ತಕವೇ ಹೆಚ್ಚಿತ್ತು. 1984ರ 'ಪವರ್‌ಸ್ಲೇವ್' ಆಲ್ಬಮ್ಮಿನ ಕೊನೆಯಲ್ಲಿ ಕೋಲರಿಜ್ ಕವಿಯ ಮುದಿ ನಾವಿಕನ ಕಥೆ ಹದಿಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಹರಿಯುತ್ತದೆ. ಡಿಗ್ರಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಆ ಪದ್ಯ ಶುರುಮಾಡುವ ಮೊದಲೇ, ಹಕ್ಕಿ ಕೊಂದವನ ಗತಿ ಏನಾಗುತ್ತದೆಂದು ನನಗೆ ಗೊತ್ತಿತ್ತು. ತರಗತಿಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲಿ ಕೇಳಿದೆ ಎಂದು ಕೇಳುತ್ತಾರೆ, ಆಮೇಲೆ ಎಡ್ಡಿಯ ಪರಿಚಯ ಮಾಡಿಸಬೇಕು.

ಹೀಗೆ ವರ್ಷಗಟ್ಟಲೆ ಗುಟ್ಟಾಗಿ ಸಾಕಿಕೊಂಡ ಬ್ಯಾಂಡು ಬೆಂಗಳೂರಿಗೇ ಬರುತ್ತದೆಂಬ ಸುದ್ದಿ ಬಂದಾಗ ನಾನು ಕೆಲಸಕ್ಕೆ ಸೇರಿ ಮಲ್ಲೇಶ್ವರದಲ್ಲಿ ಮಹಡಿ ಮೇಲಿನ ಕೋಣೆಯೊಂದರಲ್ಲಿದ್ದೆ. ಬೆಂಗಳೂರಿಗೆ ದೊಡ್ಡವರು ಬರುವುದು ಹೊಸತೇನಲ್ಲ. 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಹೋಗಿದ್ದರು. ಅವರೆಲ್ಲ ನಮ್ಮ ಮಾವಂದಿರೂ ಕೇಳಿದ್ದ ಹಿರಿಯರು. ಐರನ್ ಮೇಡನ್ ನನ್ನದು. 2007ರ ಮಾರ್ಚ್ 17, ಯುಗಾದಿಗೆ ಮುಂಚಿನ ಶನಿವಾರ, ಅರಮನೆ ಮೈದಾನ. ಭಾರತದಲ್ಲಿ ಅವರ ಮೊದಲ ಕಛೇರಿ.

ಮಧ್ಯಾಹ್ನದ ಹೊತ್ತಿಗೇ ಮೇಖ್ರಿ ಸರ್ಕಲ್ಲಿನ ಕಡೆಯ ಫುಟ್‌ಪಾತೆಲ್ಲ ಕಪ್ಪು. ಮಾರ್ಚ್ ತಿಂಗಳ ಬಿಸಿಲಲ್ಲಿ ಬುದ್ಧಿ ಇದ್ದವರು ಯಾರೂ ಕಪ್ಪು ಅಂಗಿ ಹಾಕುವುದಿಲ್ಲ. ಅಲ್ಲಿ ಅದಿಲ್ಲದವನನ್ನೇ ಜನ ತಿರುಗಿ ನೋಡುತ್ತಿದ್ದರು. ಪ್ರತಿ ಎದೆಯ ಮೇಲೂ ಎಡ್ಡಿ. ನಮ್ಮ ಮನೆಯಲ್ಲಿ ಗೋಡೆಗೆ ಮುಖ ಮಾಡಿದ್ದವನು ಇಲ್ಲಿ ಸಾವಿರಾರು ಅವತಾರದಲ್ಲಿ ಬೀದಿಗಿಳಿದಿದ್ದ. ನನ್ನ ಮುಂದೆ ಗುವಾಹಟಿಯಿಂದ ರೈಲಿನಲ್ಲಿ ಬಂದ ಹುಡುಗರು, ಹಿಂದೆ ಚೆನ್ನೈನ ಗುಂಪು, ಪಕ್ಕದಲ್ಲಿ ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿ. ಎಲ್ಲರ ಕಥೆಯೂ ಒಂದೇ. 'ನಮ್ಮೂರಲ್ಲಿ ಇವರನ್ನ ಕೇಳ್ತಿದ್ದೋನು ನಾನೊಬ್ಬನೇ' ಎಂದು ಪ್ರತಿಯೊಬ್ಬನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅಷ್ಟು ಜನ 'ನಾನೊಬ್ಬನೇ'ಗಳು ಒಂದೇ ಕ್ಯೂನಲ್ಲಿ ನಿಂತದ್ದನ್ನು ನೋಡಿ ನನಗೆ ಮೊದಲು ಆದದ್ದು ಸಂತೋಷವಲ್ಲ, ಸಣ್ಣ ಹೊಟ್ಟೆಕಿಚ್ಚು.

ಮೊದಲು ದೆಹಲಿಯ ಪರಿಕ್ರಮ ನುಡಿಸಿತು. ರಾಕ್ ಸಂಗೀತದ ನಡುವೆ ಪಿಟೀಲು ತರುವ ತಂಡ ಅದು. ಆ ಬಳಿಕ ಹಾಡಿದವಳು ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್‌ನ ಮಗಳು ಲಾರೆನ್. ಅಪ್ಪನ ಕಛೇರಿಗೆ ಮೊದಲು ಮಗಳದು; ನಮಗೆ ಒಗ್ಗಿದ ಪದ್ಧತಿಯೇ. ಕತ್ತಲಾದ ಮೇಲೆ ಅವರು ಬಂದರು.

ನಿಜ ಹೇಳಬೇಕೆಂದರೆ, ಬರೀ ಸದ್ದಿನ ಲೆಕ್ಕದಲ್ಲಿ ಮನೆಯ ಟೇಪ್ ರೆಕಾರ್ಡರೇ ವಾಸಿ. ಮೈದಾನದಲ್ಲಿ ಬೇಸ್ ಕಿವಿಗೆ ಕೇಳುವುದಿಲ್ಲ, ಎದೆಗೂಡಿಗೆ ಗುದ್ದುತ್ತದೆ. ಗಾಳಿ ಬೀಸಿದ ಕಡೆಗೆ ಗಿಟಾರು ಹಾರಿಹೋಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುವುದರಿಂದ, ವೇದಿಕೆಯಿಂದ ನೂರು ಮೀಟರ್ ಹಿಂದಿದ್ದ ನನಗೆ ಪರದೆಯ ಮೇಲೆ ನಿಕೋ ಮೆಕ್‌ಬ್ರೇನ್‌ನ ಕೋಲು ಡ್ರಮ್ಮಿಗೆ ಬಡಿದದ್ದು ಮೊದಲು ಕಾಣುತ್ತಿತ್ತು, ಪೆಟ್ಟು ಆಮೇಲೆ ಕೇಳುತ್ತಿತ್ತು. ಆಗ ಆತನಿಗೆ 54 ವರ್ಷ. ನಮ್ಮಲ್ಲಾದರೆ ಪಿಂಚಣಿಯ ಲೆಕ್ಕ ಹಾಕುವ ವಯಸ್ಸು. ಐವತ್ತರ ಅಂಚಿನ ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಹಾಡುತ್ತಿದ್ದ. ಹಾಡುವುದಷ್ಟೇ ಅಲ್ಲ, ಆತ ಆಗ ಪ್ರಯಾಣಿಕರ ವಿಮಾನ ಹಾರಿಸುವ ಪೈಲಟ್ ಕೂಡ ಆಗಿದ್ದ. ಹ್ಯಾರಿಸ್ ಒಂದು ಕಾಲನ್ನು ಸ್ಪೀಕರಿನ ಮೇಲಿಟ್ಟು, ಬೇಸ್ ಗಿಟಾರನ್ನು ಬಂದೂಕಿನ ಹಾಗೆ ನಮ್ಮತ್ತ ಹಿಡಿದು, ತಾನೇ ಬರೆದ ಸಾಲುಗಳಿಗೆ ತುಟಿ ಆಡಿಸುತ್ತಿದ್ದ. ನನ್ನ ಮುಂದಿನ ಸಾಲುಗಳಲ್ಲಿ ತಲೆಗೂದಲು ಬಿಚ್ಚಿ ಕುತ್ತಿಗೆ ಕೊಡಹುತ್ತಿದ್ದವರನ್ನು ಅಮ್ಮ ನೋಡಿದ್ದರೆ, ಮೈಮೇಲೆ ದೇವರು ಬಂದಿದೆ, ಬೇವಿನ ಸೊಪ್ಪು ತನ್ನಿ ಎನ್ನುತ್ತಿದ್ದಳು.

'ದಿ ಟ್ರೂಪರ್' ಹಾಡಿನಲ್ಲಿ ಬ್ರಿಟಿಷ್ ಬಾವುಟ ಬೀಸುವುದು ಡಿಕಿನ್ಸನ್‌ನ ವಾಡಿಕೆ. ಜಾಗ ಮೈಸೂರು ಒಡೆಯರ ಅರಮನೆಯ ಅಂಗಳ, ತಿಂಗಳು ಮಾರ್ಚ್. 1791ರ ಇದೇ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಫಿರಂಗಿಯಿಂದ ಒಡೆದು ಒಳಗೆ ನುಗ್ಗಿದ್ದ. ಈ ಸಲ ಬಾಗಿಲು ತೆಗೆದವರು ನಾವೇ, ಅದೂ ಟಿಕೆಟ್ಟಿಗೆ ದುಡ್ಡು ತೆತ್ತು. ಹಾಗೆ ನೋಡಿದರೆ ಹಾಡಿನೊಳಗೆ ಗೆಲುವೇನೂ ಇಲ್ಲ. 1854ರ ಕ್ರಿಮಿಯಾ ಯುದ್ಧದಲ್ಲಿ ಮೇಲಿನವರ ಎಡವಟ್ಟಿನಿಂದ ತೋಪಿನ ಬಾಯಿಗೆ ಕುದುರೆ ಓಡಿಸಿ ಸತ್ತವನೊಬ್ಬನ ಮಾತು ಅದು. ಸಾಮ್ರಾಜ್ಯ ಕಟ್ಟಿದವರ ಮೊಮ್ಮಕ್ಕಳು ಅದರ ಸಾವನ್ನು ಹಾಡಲು ಬಂದರೆ ಕುಣಿಯುವುದಕ್ಕೆ ನಮಗೇನು ಅಡ್ಡಿ?

ಆ ರಾತ್ರಿಯ ಅಸಲು ಸಂಗತಿ ನಡೆದದ್ದು 'ಫಿಯರ್ ಆಫ್ ದಿ ಡಾರ್ಕ್'ನಲ್ಲಿ. 1992ರ ಆ ಹಾಡಿನ ಆರಂಭದಲ್ಲಿ ಗಿಟಾರಿನ ಒಂದು ಮೆಲುರಾಗವಿದೆ. ಗಿಟಾರು ಮೊದಲ ಸ್ವರ ಮೀಟಿದ್ದೇ ತಡ, ಇಡೀ ಮೈದಾನ ಅದನ್ನು ಎತ್ತಿಕೊಂಡಿತು. ಮಾತನ್ನಲ್ಲ, ರಾಗವನ್ನು. ಬರೀ 'ಓ'ಕಾರ. ಮೇಡನ್ ಕೇಳುಗರು ಎಲ್ಲ ದೇಶಗಳಲ್ಲೂ ಹೀಗೆ ಗಿಟಾರನ್ನೇ ಹಾಡುತ್ತಾರೆಂದು ಲೈವ್ ಕ್ಯಾಸೆಟ್‌ಗಳಲ್ಲಿ ಕೇಳಿದ್ದೆ. ಆದರೆ ಇಲ್ಲಿ ಯಾರು ಯಾರಿಗೆ ಕಲಿಸಿದರು? ಹಾಡಿನ ಮಾತುಗಳನ್ನು ಒಬ್ಬೊಬ್ಬರೂ ಒಂದೊಂದು ಥರ ಕೇಳಿಸಿಕೊಂಡಿದ್ದೆವು. ನನ್ನ ಇಂಗ್ಲಿಷ್ ಉಚ್ಚಾರಕ್ಕೂ ಗುವಾಹಟಿಯವನದಕ್ಕೂ ತಾಳೆಯಿರಲಿಲ್ಲ. ರಾಗದಲ್ಲಿ ಮಾತ್ರ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಿಂದಿನವರ ದನಿ ಅರೆಗಳಿಗೆ ತಡವಾಗಿ ಬಂದು ಮುಂದಿನವರ ದನಿಯ ಮೇಲೆ ಬಿದ್ದು, ರಾಗ ಮೈದಾನದ ಉದ್ದಕ್ಕೂ ಉರುಳುತ್ತಿತ್ತು. ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಮಾಡಿದ್ದು ಕೇಳುವಿಕೆಯಲ್ಲ, ತಾಲೀಮು. ಮೇಳ ಸೇರಿದ್ದು ಮಾತ್ರ ಅಂದೇ. ನನ್ನ ಹೊಟ್ಟೆಕಿಚ್ಚಿಗೆ ಅಲ್ಲಿ ಜಾಗವೇ ಸಿಗಲಿಲ್ಲ. ಒಂಟಿತನವನ್ನು ಆಸ್ತಿ ಎಂದುಕೊಂಡಿದ್ದವನಿಗೆ ಅದರಲ್ಲಿ ಇಷ್ಟೊಂದು ಪಾಲುದಾರರಿದ್ದಾರೆಂದು ತಿಳಿದರೆ ನಷ್ಟವಾಗಬೇಕಿತ್ತು, ಲಾಭವೇ ಆಯಿತು.

ಇನ್ನೊಂದು ಸೋಜಿಗ. ಅದೇ ಹೊತ್ತಿಗೆ ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್, ಭಾರತಕ್ಕೂ ಬಾಂಗ್ಲಾದೇಶಕ್ಕೂ ಪಂದ್ಯ, ನಾಯಕ ನಮ್ಮ ದ್ರಾವಿಡ್. ಎಸ್ಸೆಮ್ಮೆಸ್ಸಿನಲ್ಲಿ ಸ್ಕೋರು ಬರುತ್ತಿದ್ದ ಕಾಲ. ಬೆಂಗಳೂರಿನಲ್ಲಿ ಅಷ್ಟು ಹುಡುಗರು ಒಂದೆಡೆ ಸೇರಿಯೂ ಒಬ್ಬನಾದರೂ ಸ್ಕೋರೆಷ್ಟು ಎಂದು ಕೇಳಲಿಲ್ಲ.

ಮುಗಿದ ಮೇಲೆ ಸ್ಯಾಂಕಿ ರಸ್ತೆಯಲ್ಲಿ ಗುರುತಿಲ್ಲದವರ ಜೊತೆ ಅದೇ ರಾಗ ಹಾಡುತ್ತ ನಡೆದು ಮನೆ ಸೇರಿದೆ. ಕೆಳಗಿನ ಮನೆಯಲ್ಲಿ ದೀಪವಿತ್ತು. ಮಾಲೀಕರು, ಬ್ಯಾಂಕಿನಿಂದ ನಿವೃತ್ತರಾದವರು, ಟೀವಿಯ ಮುಂದೆ ಸೂತಕದ ಮುಖದಲ್ಲಿ ಕೂತಿದ್ದರು. 191ಕ್ಕೆ ಆಲೌಟಂತೆ. ಸಾಂತ್ವನಕ್ಕೆಂದು ನಾನೂ ಕೂತೆ. ಬಾಂಗ್ಲಾದ ಎಳೆ ಹುಡುಗರು ಸರಾಗವಾಗಿ ಬಾರಿಸುತ್ತ ಐದು ವಿಕೆಟ್ ಉಳಿಸಿಕೊಂಡು ಗೆದ್ದೇಬಿಟ್ಟರು. ಮಾಲೀಕರು ಟೀವಿ ಆರಿಸಿ, ಏನೋ ಕೇಳಿದರು. ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು. ಎರಡನೇ ಸಲ ಕೇಳಿದಾಗ ತಿಳಿಯಿತು.

'ನಿಮ್ಮ ಕಡೆ ಏನಾಯ್ತಪ್ಪ?'

'ಗೆದ್ವಿ ಸಾರ್' ಎಂದೆ.

'ಯಾರ ಮೇಲೆ?'

ಅಲ್ಲಿ ಸೋತವರು ಯಾರೂ ಇರಲಿಲ್ಲವೆಂದು ಆ ರಾತ್ರಿ ಅವರಿಗೆ ಹೇಳುವುದು ಕ್ರೌರ್ಯವಾಗುತ್ತಿತ್ತು.