ಮಾರುವ ಮನೆಯ ಸಿಂಗಾರ

ಮನೆಯೊಂದನ್ನು ಕಟ್ಟಿಸುವುದು ಕಷ್ಟವೆಂಬುದನ್ನು ಎಲ್ಲರೂ ಬಲ್ಲರು. ಕಟ್ಟಿದ ಮನೆಯನ್ನು ಬಿಟ್ಟುಕೊಡುವುದು ಅದಕ್ಕಿಂತಲೂ ಕಷ್ಟವೆಂಬುದನ್ನು ನಾವು ಧಾರವಾಡದಲ್ಲಿದ್ದ ನಮ್ಮ ತಂದೆಯವರ ಮನೆಯನ್ನು ಮಾರಹೊರಟಾಗ ಅರಿತೆವು. ಸಹೋದರರೆಲ್ಲರೂ ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದರು. ಬೀಗ ಹಾಕಿದ ಮನೆಗೆ ಗೆದ್ದಲೇ ಒಡೆಯನಾಗುತ್ತದೆ. ಆದ್ದರಿಂದ 2019ರ ಆರಂಭದಲ್ಲಿ ಮಾರಾಟಕ್ಕೆ ಮನಸ್ಸು ಮಾಡಿದೆವು.

ಮಧ್ಯವರ್ತಿಯೊಬ್ಬರು ಬಂದು ಸುತ್ತಲೂ ನೋಡಿ, "ಮೊದಲು ಮನೆಯನ್ನು ಸಿದ್ಧಗೊಳಿಸಿರಿ. ಬಂದವರು ಇಲ್ಲಿ ನಿಮ್ಮ ಮನೆಯನ್ನಲ್ಲ, ತಮ್ಮ ಮನೆಯನ್ನು ಕಾಣಬೇಕು" ಎಂದರು. ಅಮೆರಿಕದಲ್ಲಿ 1970ರ ದಶಕದಿಂದ ಇದೊಂದು ವೃತ್ತಿಯಾಗಿಯೇ ಬೆಳೆದಿದೆಯೆಂದೂ ಅದನ್ನು ಹೋಮ್ ಸ್ಟೇಜಿಂಗ್ ಎನ್ನುವರೆಂದೂ ನಮ್ಮ ಮಗನು ತಿಳಿಸಿದನು. ನಾಟಕದ ರಂಗಸಜ್ಜಿಕೆಯನ್ನು ನೆನಪಿಸುವ ಆ ಹೆಸರು ನಮಗೆ ಹಿಡಿಸಲಿಲ್ಲ.

ಆದರೂ ಕೆಲಸಕ್ಕೆ ತೊಡಗಿದೆವು. ಅಟ್ಟದ ಮೇಲಿನ ಒಡಕು ಹಂಡೆ, ಹಳೆಯ ಪಂಚಾಂಗಗಳ ಕಟ್ಟು, ಕಾಲು ಮುರಿದ ಕುರ್ಚಿಗಳು ಹೊರಬಿದ್ದವು. ಕಿಟಕಿಗೆ ಅಡ್ಡವಾಗಿದ್ದ ಕಪಾಟನ್ನು ಸರಿಸಿದೊಡನೆ ನಡುಮನೆಯಲ್ಲಿ ಬೆಳಕು ಹರಿಯಿತು. ಛಾವಣಿಯಲ್ಲಿ ಎರಡು ಗಾಜಿನ ಹೆಂಚುಗಳನ್ನು ಕೂಡಿಸಿದೆವು. ಸೋರುವ ನಲ್ಲಿ, ಕಿರುಗುಟ್ಟುವ ಕದ ಸರಿಯಾದವು. ಹಿರಿಯರ ಭಾವಚಿತ್ರಗಳನ್ನು ಇಳಿಸುವಾಗ ಮಾತ್ರ ಕೈ ನಡುಗಿತು. "ಈ ಬೆಳಕನ್ನು ಮಾವನವರು ಇದ್ದಾಗಲೇ ತರಬಹುದಿತ್ತಲ್ಲವೆ?" ಎಂದು ನಮ್ಮ ಮನೆಯವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ತೊಡಕು ಬಂದದ್ದು ಹಿಂಬದಿಯ ಕೋಣೆಯಲ್ಲಿ. ಅಡಿಪಾಯದಿಂದ ತೇವವೇರಿ, ಪ್ರತಿ ಮಳೆಗಾಲದಲ್ಲಿಯೂ ಅಲ್ಲಿಯ ಗೋಡೆಯ ಗಿಲಾವು ಉಪ್ಪುಗಟ್ಟಿ ಉದುರುತ್ತಿತ್ತು. ದಪ್ಪನಾಗಿ ಬಣ್ಣ ಬಳಿದು, ಮುಂದೆ ಕಪಾಟನ್ನಿಟ್ಟರೆ ಜೂನ್‌ವರೆಗೆ ಯಾರಿಗೂ ತಿಳಿಯದೆಂದು ಮಧ್ಯವರ್ತಿಗಳು ಸೂಚಿಸಿದರು. ಬಣ್ಣವು ತೇವವನ್ನು ಮುಚ್ಚುವುದೇ ಹೊರತು ಕಳೆಯದು. ಒಳಗೆ ಸಿಕ್ಕಿದ ನೀರು ಕೆಲವು ತಿಂಗಳಲ್ಲಿ ಆ ಬಣ್ಣವನ್ನೇ ಗುಳ್ಳೆಯೆಬ್ಬಿಸಿ ಕೆಡಹುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವೂ ಇಲ್ಲಿ ಸ್ಪಷ್ಟವಾಗಿದೆ: ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾರದ, ಆದರೆ ಮಾರುವವನಿಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವನು ತಿಳಿಸತಕ್ಕದ್ದು.

ನಮಗಾದರೋ ಕಾನೂನಿಗಿಂತ ಮೊದಲು ಮಠದ ಓದಿನ ದಿನಗಳು ನೆನಪಾದವು. ತಾಳೆಯೋಲೆಯಲ್ಲಿ ಹುಳು ತಿಂದ ಸ್ಥಳವನ್ನು ನಮ್ಮ ಗುರುಗಳು ಊಹೆಯಿಂದ ತುಂಬಗೊಡುತ್ತಿರಲಿಲ್ಲ. ಅಲ್ಲಿ ಚುಕ್ಕೆಗಳನ್ನಿಟ್ಟು, ಲುಪ್ತವಾಗಿದೆಯೆಂದು ಓದುಗನಿಗೆ ತೋರಿಸಬೇಕಾಗಿತ್ತು. ಗೋಡೆಗೆ ಬೇರೆ ನ್ಯಾಯವುಂಟೆ?

ಕೊಳ್ಳಬಂದ ಶಿಕ್ಷಕ ದಂಪತಿಗಳಿಗೆ ಬೆಳಕಿನ ನಡುಮನೆಯನ್ನು ತೋರಿಸಿದ ಮೇಲೆ ಆ ಗೋಡೆಯನ್ನೂ ತೋರಿಸಿದೆವು. ಅವರು ಮೌನವಾಗಿ ಹೊರಟುಹೋದರು. ತಮ್ಮಂದಿರು ನಮ್ಮ ಮೇಲೆ ಬೇಸರಗೊಂಡರು. ಮೂರು ವಾರಗಳ ತರುವಾಯ ಆ ದಂಪತಿಗಳೇ ಗೌಂಡಿಯೊಬ್ಬನೊಡನೆ ಮರಳಿ ಬಂದು, ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಕಳೆದು ಮನೆಯನ್ನು ಕೊಂಡರು. ಕಳೆದ ಹಣವನ್ನು ನಾವು ನಮ್ಮ ಪಾಲಿನಿಂದ ತುಂಬಿಕೊಟ್ಟೆವು.

ಮನೆ ಮಾರುವ ಸಂದರ್ಭ ಒದಗಿದ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ. ಕಸ ತೆಗೆಯಿರಿ, ಕಿಟಕಿ ತೆರೆಯಿರಿ, ಮನೆಯನ್ನು ಅದರ ಒಳ್ಳೆಯ ರೂಪದಲ್ಲಿ ತೋರಿಸಿರಿ. ಅದು ಬರುವವರಿಗೆ ಸಲ್ಲುವ ಮರ್ಯಾದೆ. ಕುಂದನ್ನು ಮಾತ್ರ ಮರೆಮಾಡದಿರಿ. ಇಂದಿಗೂ ಧಾರವಾಡಕ್ಕೆ ಹೋದಾಗ ನಾವು ಆ ಮನೆಯ ಮುಂದೆ ತಲೆ ತಗ್ಗಿಸದೆ ಹಾದುಹೋಗುತ್ತೇವೆ.